ಆತಂಕದ ಮಾತ್ರೆ ಕೆಲಸ ಶುರು ಮಾಡೋ ತನಕ ದಿನ ದೂಡೋದು ಹೇಗೆ?

ನೀವು ಕೇಳಿರೋದು ಇಷ್ಟು. ಆಂಗ್ಸೈಟಿಗೆ ಅಂತ ಎಸಿಟಾಲೋಪ್ರಾಮ್ ಶುರು ಮಾಡಿ ಒಂಬತ್ತು ದಿನ ಆಯ್ತು, ಕಮ್ಮಿ ಆಗೋದಿರ್ಲಿ ಮೊದಲಿಗಿಂತ ಜಾಸ್ತಿನೇ ಆಗಿದೆ, ಥೆರಪಿಗೆ ಇನ್ನೂ ಮೂರು ವಾರ ಕಾಯ್ಬೇಕು, ಅಲ್ಲಿ ತನಕ ನಾನು ಉಳಿತೀನಾ ಅಂತ. ಆ ಕೊನೇ ಮಾತು ಓದಿ ಹೊಟ್ಟೆ ಕಿವುಚಿದ ಹಾಗಾಯ್ತು, ಯಾಕಂದ್ರೆ ಇದೇ ಮಾತನ್ನ ನಾನೂ ಕೇಳಿದ್ದೆ, ನಮ್ಮಕ್ಕನ ಹತ್ರ, ಮಾತ್ರೆ ಶುರು ಮಾಡಿದ ಏಳನೇ ದಿನ, ಬಚ್ಚಲುಮನೆ ನೆಲದ ಮೇಲೆ ಕೂತ್ಕೊಂಡು.

ಬೇರೆ ಏನಾದ್ರೂ ಹೇಳೋಕೆ ಮುಂಚೆ ಒಂದು ಮಾತು. "ಉಳಿತೀನಾ" ಅಂದಿದ್ದು ಹಿಂಸೆ ತಡ್ಕೊಳ್ಳಕ್ಕಾಗ್ತಿಲ್ಲ ಅನ್ನೋ ಅರ್ಥದಲ್ಲಿ ಅಂತ ಅಂದ್ಕೊಂಡಿದ್ದೀನಿ. ಹಾಗಲ್ದೆ ಸಾಯ್ಬೇಕು ಅನ್ನೋ ಯೋಚನೆ ನಿಜವಾಗ್ಲೂ ಬರ್ತಿದ್ರೆ, ಅದ್ರಲ್ಲೂ ಮಾತ್ರೆ ಶುರು ಮಾಡಿದ ಮೇಲೆ ಹೊಸದಾಗಿ ಬರ್ತಿದ್ರೆ, ದಯವಿಟ್ಟು ಇದನ್ನ ಓದೋದು ಬಿಟ್ಟು ಈಗ್ಲೇ ಪಕ್ಕದಲ್ಲಿರೋರಿಗೆ ಹೇಳಿ, ಡಾಕ್ಟ್ರಿಗೆ ಫೋನ್ ಮಾಡಿ, ಅವ್ರು ಸಿಗ್ಲಿಲ್ಲ ಅಂದ್ರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗ್ಬಿಡಿ. ಸುಮ್ನೆ ಹೆದರಿಸ್ತಿಲ್ಲ. ಈ ಥರದ ಮಾತ್ರೆಗಳು ಚಿಕ್ಕ ವಯಸ್ಸಿನ ಕೆಲವರಲ್ಲಿ ಮೊದಮೊದಲು ಇಂಥ ಯೋಚನೆ ಜಾಸ್ತಿ ಮಾಡ್ಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಹಾಕ್ಸಿ, 2007ರಲ್ಲಿ ಅದನ್ನ 24 ವರ್ಷದ ತನಕದೋರಿಗೂ ಸೇರಿಸ್ತು. ಒಂದು ನಿಮಿಷ ಒಂದ್ಕಡೆ ಕೂರೋಕಾಗದೆ, ಕಾಲು ನಿಲ್ಲದೆ, ಮೈಯೆಲ್ಲ ಒಳಗಿಂದ ಯಾರೋ ತಳ್ತಿರೋ ಹಾಗೆ ಚಡಪಡಿಕೆ ಆಗ್ತಿದ್ರೆ ಅದನ್ನೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಇಟ್ಕೋಬೇಡಿ, ಅವತ್ತೇ ಹೇಳಿ.

ಈಗ ನಿಮ್ಮ ಒಂಬತ್ತನೇ ದಿನದ ವಿಷಯ. ನನಗೆ ಯಾರೂ ಸರಿಯಾಗಿ ಬಿಡಿಸಿ ಹೇಳಿರ್ಲಿಲ್ಲ, ಅದಕ್ಕೆ ನಿಮಗೆ ಹೇಳ್ತಿದ್ದೀನಿ: ಈ ಮಾತ್ರೆಗಳು ಮೊದಲ ಒಂದೆರಡು ವಾರ ಆತಂಕವನ್ನ ಇನ್ನೂ ಕೆದಕೋದು ಮಾಮೂಲು. ಹೊಟ್ಟೆ ತೊಳಸೋದು, ಬೇಧಿ, ನಿದ್ದೆ ಕೆಡೋದು, ಸುಮ್ಮಸುಮ್ನೆ ಆಕಳಿಕೆ, ದವಡೆ ಬಿಗಿಯೋದು, ಬೆವರು, ಇವೆಲ್ಲ ಆಗ ಬರ್ತವೆ, ಬಹಳಷ್ಟು ಜನಕ್ಕೆ ತಾನಾಗೇ ಇಳಿಯುತ್ತೆ. ಮಾತ್ರೆ ತಗೊಂಡ ಕೆಲವೇ ಗಂಟೇಲಿ ಮೆದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕದ ಲೆಕ್ಕ ಬದಲಾಗೋಕೆ ಶುರುವಾಗುತ್ತೆ, ಆದ್ರೆ ಆ ಬದಲಾವಣೆಗೆ ನರಕೋಶಗಳು ಒಗ್ಗಿಕೊಳ್ಳೋಕೆ ವಾರಗಟ್ಟಲೆ ಬೇಕು. ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ ಸ್ವಲ್ಪ ಸ್ವಲ್ಪ ಗೊತ್ತಾಗೋಕೆ ಶುರು, ಪೂರ್ತಿ ಪರಿಣಾಮಕ್ಕೆ ಎಂಟರಿಂದ ಹನ್ನೆರಡು ವಾರ ಹಿಡಿಯಬಹುದು. ಅಂದ್ರೆ ಒಂಬತ್ತನೇ ದಿನ ಏನೂ ಆಗಿಲ್ಲ ಅನ್ನೋದ್ರಿಂದ ಮಾತ್ರೆ ನಿಮಗೆ ಹಿಡಿಸ್ತಿಲ್ಲ ಅಂತ ಯಾರೂ ಹೇಳೋಕಾಗಲ್ಲ. ನಾನು ಆರನೇ ದಿನಕ್ಕೇ "ಇದು ನನಗಲ್ಲ" ಅಂತ ತೀರ್ಮಾನ ಮಾಡಿ ಎರಡು ದಿನ ಬಿಟ್ಬಿಟ್ಟಿದ್ದೆ, ಆಮೇಲೆ ಡಾಕ್ಟ್ರು ಮತ್ತೆ 5 ಮಿಲಿಗ್ರಾಂನಿಂದ ಶುರು ಮಾಡ್ಸಿದ್ರು. ಆ ತಪ್ಪು ನೀವು ಮಾಡ್ಬೇಡಿ. ತೀರಾ ತಡ್ಕೊಳ್ಳಕ್ಕಾಗ್ತಿಲ್ಲ ಅಂದ್ರೆ ನೀವಾಗೇ ಬಿಡೋ ಬದ್ಲು ಫೋನ್ ಮಾಡಿ "ಡೋಸ್ ಇನ್ನೂ ನಿಧಾನಕ್ಕೆ ಏರಿಸೋಣ್ವಾ" ಅಂತ ಕೇಳಿ.

ನನಗೆ ಅತಿ ಕಷ್ಟ ಆಗ್ತಿದ್ದಿದ್ದು ಬೆಳಗಿನ ಜಾವ. ನಾಲ್ಕು, ನಾಲ್ಕೂವರೆಗೆ ಕಣ್ಣು ಬಿಡ್ತಿತ್ತು, ಕಣ್ಣು ಬಿಡೋ ಮೊದ್ಲೇ ಎದೆ ಡವಡವ ಅಂತಿರ್ತಿತ್ತು, ಏನೋ ಆಗ್ಬಾರದ್ದು ಆಗಿಹೋಗಿದೆ, ನನಗೊಬ್ಬನಿಗೇ ಗೊತ್ತಿಲ್ಲ ಅನ್ನೋ ಹಾಗೆ. ಎದ್ದ ತಕ್ಷಣ ಎರಡು ಬೆರಳು ಕತ್ತಿನ ಪಕ್ಕ ಇಟ್ಟು ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡ್ತಾ ನಾಡಿ ಎಣಿಸ್ತಿದ್ದೆ. 104. ಇನ್ನೊಂದ್ಸಲ ಎಣಿಸಿದ್ರೆ 112. ಎಣಿಸ್ತಿರೋದಕ್ಕೇ ಏರ್ತಿತ್ತು ಅನ್ನೋದು ಆಗ ತಲೆಗೇ ಹೋಗ್ಲಿಲ್ಲ. ಆಮೇಲೆ ಡಾಕ್ಟ್ರು ಹೇಳಿದ್ರು, ಕಾರ್ಟಿಸಾಲ್ ಅನ್ನೋ ಹಾರ್ಮೋನು ಎಲ್ಲರಿಗೂ ಬೆಳಗಿನ ಹೊತ್ತಲ್ಲೇ ಏರಿರುತ್ತೆ, ಆರಾಮಾಗಿರೋರಿಗೆ ಅದು ಏಳೋಕೆ ಚುರುಕು ಕೊಡುತ್ತೆ, ಮೊದ್ಲೇ ನರ ಕಾದಿರೋರಿಗೆ ಅದೇ ಭಯದ ಹಾಗೆ ಕಾಣ್ಬಹುದು ಅಂತ. ಇದು ಗೊತ್ತಾದ ಮೇಲೆ ಬೆಳಗಿನ ಜಾವ ಏನೂ ಸಿಹಿಯಾಗ್ಲಿಲ್ಲ, ಆದ್ರೆ ಆ ಹೊತ್ತಲ್ಲಿ ಬರೋ ಯೋಚನೆಗಳನ್ನ ನಂಬೋದು ಬಿಟ್ಟೆ. ಹತ್ತು ಗಂಟೆ ಆಗೋ ತನಕ ಜೀವನದ ಬಗ್ಗೆ ಯಾವ ತೀರ್ಮಾನನೂ ಮಾಡಲ್ಲ ಅಂತ ನನಗೆ ನಾನೇ ಕಟ್ಟುಪಾಡು ಹಾಕ್ಕೊಂಡೆ. ಕಣ್ಣು ಬಿಟ್ಟ ಮೇಲೆ ಹಾಸಿಗೇಲಿ ಬಿದ್ಕೊಂಡಿರ್ತಿರ್ಲಿಲ್ಲ, ಎದ್ದು ಮುಖ ತೊಳೆದು ಬಟ್ಟೆ ಮಡಚೋದೋ ಪಾತ್ರೆ ಜೋಡಿಸೋದೋ ಏನಾದ್ರೂ ಕೈಗೆ ಕೆಲಸ ಕೊಡ್ತಿದ್ದೆ. ಅಳ್ತಾ ಅಳ್ತಾನೇ ಮಡಚಿದ್ದೂ ಇದೆ.

ಇನ್ನು ಪ್ಯಾನಿಕ್, ಅಂದ್ರೆ ಗಾಬರಿ ಏಕಾಏಕಿ ಏರಿ ಬಂದಾಗ ಏನು ಮಾಡೋದು ಅನ್ನೋ ವಿಷಯ. ಆಗ ಮೈಯಲ್ಲಿ ಅಡ್ರಿನಲಿನ್ ನುಗ್ಗಿರುತ್ತೆ, ಓಡು ಇಲ್ಲಾ ಹೊಡೆದಾಡು ಅಂತ ದೇಹ ಸಜ್ಜಾಗಿರುತ್ತೆ, ಅದಕ್ಕೇ ಎದೆ ಬಡಿತ, ಕೈಕಾಲು ಜೋಮು, ತಲೆ ಹಗುರಾಗೋದು, ಉಸಿರು ಸಾಲದ ಹಾಗಾಗೋದು. ಸಾಮಾನ್ಯವಾಗಿ ಅದು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತೆ, ಬಹಳಷ್ಟು ಸಲ ಅರ್ಧ ಗಂಟೇಲಿ ಅದರ ಜೋರು ಮುಗಿದಿರುತ್ತೆ. ನಾವು ಅದರ ಜೊತೆ ಗುದ್ದಾಡಿದಷ್ಟೂ, ಹೋಗು ಹೋಗು ಅಂದಷ್ಟೂ, ದೇಹಕ್ಕೆ "ಓ ನಿಜವಾಗ್ಲೂ ಅಪಾಯ ಇದೆ" ಅಂತ ಇನ್ನೊಂದು ಸುದ್ದಿ ಮುಟ್ಟುತ್ತೆ. (ಎದೆ ನೋವು ಇದೇ ಮೊದಲ ಸಲ ಬಂದಿದ್ರೆ, ಕೈಗೋ ದವಡೆಗೋ ಹರಡ್ತಿದ್ರೆ, ತಲೆ ತಿರುಗಿ ಬಿದ್ರೆ ಮಾತ್ರ ಇದು ಆಂಗ್ಸೈಟಿನೇ ಅಂತ ನೀವೇ ಹೇಳ್ಕೊಂಡು ಕೂರ್ಬೇಡಿ, ತೋರಿಸಿ. ಥೈರಾಯ್ಡ್ ಜಾಸ್ತಿ ಇದ್ರೂ ಹೀಗೇ ಎದೆ ಬಡ್ಕೊಳ್ಳುತ್ತೆ, ಆ ರಕ್ತಪರೀಕ್ಷೆ ಆಗಿಲ್ದಿದ್ರೆ ಕೇಳಿ ಮಾಡಿಸ್ಕೊಳ್ಳಿ.)

ಉಸಿರಾಟದ ವಿಷಯದಲ್ಲಿ ಎಲ್ಲರೂ "ಜೋರಾಗಿ ಉಸಿರೆಳ್ಕೋ" ಅಂತಾರೆ, ನನಗೆ ಅದ್ರಿಂದ ತಲೆ ಸುತ್ತು ಇನ್ನೂ ಜಾಸ್ತಿ ಆಗ್ತಿತ್ತು, ಗಾಬರೀಲಿ ಮೊದ್ಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡ್ತಿರ್ತೀವಿ, ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ ಬೆರಳು ಜುಮ್ ಅನ್ನೋದು ಅದಕ್ಕೇ. ಕೆಲಸ ಮಾಡಿದ್ದು ಉಸಿರು ಬಿಡೋದನ್ನ ಉದ್ದ ಮಾಡಿದ್ದು. ಮೂಗಿಂದ ನಾಲ್ಕು ಎಣಿಸೋವಷ್ಟು ಒಳಗೆ, ಬಾಯಿ ಸಣ್ಣ ಮಾಡಿ ಬಿಸಿ ಲೋಟಕ್ಕೆ ಊದೋ ಹಾಗೆ ಆರು ಏಳು ಎಣಿಸೋವಷ್ಟು ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗೇ ಕೊಂಚ ನಿಧಾನ ಆಗುತ್ತೆ, ಅದು ದೇಹದ ಸ್ವಭಾವ. ಅವತ್ತು ಬಚ್ಚಲುಮನೇಲಿ ಅಕ್ಕ ಮಾಡಿದ್ದೂ ಇಷ್ಟೇ. ಧೈರ್ಯ ತಗೋ, ಮನಸ್ಸು ಗಟ್ಟಿ ಮಾಡ್ಕೋ ಅಂತ ಒಂದು ಮಾತೂ ಹೇಳ್ಲಿಲ್ಲ, ಎದುರಿಗೆ ಕೂತು ನನ್ನ ಅಂಗೈಯನ್ನ ಅವಳ ಹೆಬ್ಬೆರಳಿಂದ ಒತ್ತಿ ಹಿಡ್ಕೊಂಡ್ಳು, ನಾನು ಉಸಿರು ಬಿಡೋ ಅಷ್ಟು ಹೊತ್ತೂ ಹೆಬ್ಬೆರಳನ್ನ ಮಣಿಕಟ್ಟಿಂದ ಬೆರಳ ತುದಿ ಕಡೆಗೆ ನಿಧಾನಕ್ಕೆ ಜಾರಿಸ್ತಿದ್ಳು, ತುದಿ ಮುಟ್ಟೋ ತನಕ ಮುಂದಿನ ಉಸಿರು ತಗೊಳ್ಳೋ ಹಾಗಿಲ್ಲ. ಒದ್ದೆ ನೆಲ, ಬಕೆಟ್ಟಿಗೆ ಹನಿ ಬೀಳೋ ಸದ್ದು, ಅವಳ ಹೆಬ್ಬೆರಳಿನ ಒರಟು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲಾಮೇಲೆ ಅವಳು ಮನೇಲಿಲ್ದಾಗ ನನ್ನ ಹೆಬ್ಬೆರಳಿಂದ ನಾನೇ ಹಾಗೆ ಮಾಡ್ಕೊಳ್ತಿದ್ದೆ.

ರಾತ್ರಿ ಮಲಗೋ ಮುಂಚೆ ಇನ್ನೊಂದು ಮಾಡ್ತಿದ್ದೆ, ಪಾದದಿಂದ ಶುರು ಮಾಡಿ ಒಂದೊಂದೇ ಸ್ನಾಯುನ ಐದಾರು ಸೆಕೆಂಡ್ ಬಿಗಿ ಹಿಡಿದು ಸಡನ್ ಆಗಿ ಬಿಟ್ಬಿಡೋದು, ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಭುಜ, ದವಡೆ. ಎಡ್ಮಂಡ್ ಜೇಕಬ್ಸನ್ ಅನ್ನೋ ಅಮೆರಿಕದ ವೈದ್ಯರು ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ಪದ್ಧತಿ, ಇವತ್ತಿಗೂ ಥೆರಪಿಸ್ಟ್‌ಗಳು ಹೇಳ್ಕೊಡ್ತಾರೆ, ಅಂದ್ರೆ ನಿಮ್ಮ ಅಪಾಯಿಂಟ್‌ಮೆಂಟ್ ಬರೋಷ್ಟರಲ್ಲಿ ಒಂದು ಪಾಠ ಕಲ್ತೇ ಹೋಗಿರ್ತೀರಿ. ಗಾಬರಿ ಇಲ್ದಾಗ್ಲೇ ದಿನಾ ಅಭ್ಯಾಸ ಮಾಡಿ, ಬೆಂಕಿ ಬಿದ್ಮೇಲೆ ಬಾವಿ ತೋಡೋ ಹಾಗೆ ಪ್ಯಾನಿಕ್ ಬಂದಾಗ್ಲೇ ಶುರು ಮಾಡಿದ್ರೆ ಕೈಗೆ ಹತ್ತಲ್ಲ.

ಒಂದು ವಿಷಯ ನನ್ನ ಮೂರು ವಾರಗಳನ್ನ ಪೂರ್ತಿ ಹಾಳು ಮಾಡ್ತು, ಅದನ್ನ ಬಿಡಿಸಿ ಹೇಳ್ಲೇಬೇಕು. ಅದು ಪದೇ ಪದೇ ಚೆಕ್ ಮಾಡೋದು. ಮಾತ್ರೆ ಕೆಲಸ ಮಾಡ್ತಿದ್ಯಾ, ಈಗ ಹೇಗಿದೆ, ಹತ್ತು ನಿಮಿಷದ ಹಿಂದೆಗಿಂತ ಕಮ್ಮಿನಾ ಜಾಸ್ತಿನಾ ಅಂತ ದಿನಕ್ಕೆ ನೂರು ಸಲ ನನ್ನೊಳಗೆ ನಾನೇ ಇಣುಕಿ ನೋಡ್ತಿದ್ದೆ, ಫೋನಲ್ಲಿ ಸೈಡ್ ಎಫೆಕ್ಟ್ ಹುಡುಕ್ತಿದ್ದೆ, ಓದಿದ್ದೆಲ್ಲ ಮೈಯಲ್ಲಿ ಕಾಣ್ತಿತ್ತು, ಅಕ್ಕನ್ನ ಅರ್ಧ ಗಂಟೆಗೊಂದ್ಸಲ "ನಾನು ಸರಿಹೋಗ್ತೀನಿ ತಾನೆ?" ಅಂತ ಕೇಳ್ತಿದ್ದೆ. ಅವಳು ಹೂಂ ಅಂದ್ರೆ ಐದು ನಿಮಿಷ ನೆಮ್ಮದಿ, ಆಮೇಲೆ ಮತ್ತೆ ಅದೇ. ಬೀಜ ಹಾಕಿ ದಿನಾ ಮಣ್ಣು ಕೆದಕಿ ಮೊಳಕೆ ಬಂತಾ ಅಂತ ನೋಡಿದ್ರೆ ಅದು ಹೇಗೆ ಬೇರು ಬಿಡುತ್ತೆ ಹೇಳಿ. ಕೊನೆಗೆ ಒಂದು ಒಪ್ಪಂದ ಮಾಡ್ಕೊಂಡ್ವಿ. ದಿನಕ್ಕೆ ಒಂದೇ ಸಲ, ಸಂಜೆ ಏಳಕ್ಕೆ, ಅಕ್ಕನ ಮುಂದೆ ಕೂತು ಇವತ್ತು ಆತಂಕ ಹತ್ತಕ್ಕೆ ಎಷ್ಟು ಅಂತ ನಾನು ಒಂದು ನಂಬರ್ ಹೇಳೋದು, ಅವಳು ಬರ್ಕೊಳ್ಳೋದು, ನನಗೆ ತೋರಿಸದೇ ಇರೋದು. ಮಿಕ್ಕ ಹೊತ್ತಲ್ಲಿ ಕೇಳಿದ್ರೆ ಅವಳ ಉತ್ತರ ಒಂದೇ, "ಏಳು ಗಂಟೆಗೆ ಮಾತಾಡೋಣ." ಮೊದಲ ಎರಡು ದಿನ ಅವಳ ಮೇಲೆ ಕೋಪ ಬಂತು, ಅತ್ತಿದ್ದೂ ಆಯ್ತು. ಮೂರನೇ ದಿನಕ್ಕೆ ಕೇಳೋದು ಕಮ್ಮಿ ಆಯ್ತು. ನಿಮ್ಮ ಜೊತೆ ಅಂಥೋರು ಯಾರಾದ್ರೂ ಇದ್ರೆ ಈ ಒಂದು ಕೆಲಸ ಅವರಿಗೆ ಒಪ್ಪಿಸಿ, ಇಲ್ದಿದ್ರೆ ನೀವೇ ಒಂದು ಪುಸ್ತಕದಲ್ಲಿ ಬರೆದು ಪುಟ ತಿರುಗಿಸಿಡಿ, ಹಿಂದಿನ ಪುಟ ನೋಡ್ಬೇಡಿ.

ಡಾಕ್ಟ್ರು ಅರ್ಜೆಂಟಿಗೆ ಅಂತ ಕ್ಲೊನಾಜೆಪಾಮ್ ಥರದ, ಗಾಬರಿ ಬೇಗ ಇಳಿಸೋ ಮಾತ್ರೆ ಕೊಟ್ಟಿದ್ರೆ ಅದನ್ನ ಅವರು ಹೇಳಿದಷ್ಟೇ ತಗೊಳ್ಳಿ, ತಗೊಳ್ಳೋಕೆ ನಾಚ್ಕೊಳ್ಳೋದೂ ಬೇಡ, ಈ ನಡುವಿನ ವಾರಗಳನ್ನ ದಾಟಿಸೋಕೇ ಅಂತ ಎಷ್ಟೋ ಜನಕ್ಕೆ ಅದನ್ನ ಕೊಡೋದು. ಆದ್ರೆ ದಿನಾ ತಗೊಂಡ್ರೆ ಕೆಲವೇ ವಾರದಲ್ಲಿ ದೇಹ ಅದಕ್ಕೆ ಅಂಟ್ಕೊಳ್ಳಬಹುದು, ಹಾಗಾದ್ಮೇಲೆ ಏಕಾಏಕಿ ಬಿಡೋದು ಅಪಾಯ, ಮದ್ಯದ ಜೊತೆ ಅಂತೂ ಖಂಡಿತ ಬೇಡ. ಕುಡಿದ್ರೆ ರಾತ್ರಿ ಹಗುರ ಅನ್ಸಿದ್ರೂ ಮಾರನೇ ಬೆಳಿಗ್ಗೆ ಆತಂಕ ಬಡ್ಡಿ ಸಮೇತ ವಾಪಸ್ ಬರುತ್ತೆ. ಕಾಫಿ ನಾನು ಪೂರ್ತಿ ಬಿಟ್ಟೆ, ಕೆಫೀನ್ ಅರ್ಧ ಕರಗೋಕೇ ಸುಮಾರು ಐದು ಗಂಟೆ ಬೇಕು, ಕಾದಿರೋ ನರಕ್ಕೆ ಅದು ಬೆಂಕಿಗೆ ತುಪ್ಪ. ಊಟ ಸೇರ್ತಿರ್ಲಿಲ್ಲ, ಸ್ವಲ್ಪ ಸ್ವಲ್ಪನೇ ದಿನಕ್ಕೆ ಆರು ಸಲ ತಿಂದೆ. ಮಾತ್ರೆ ರಾತ್ರಿ ತಗೊಂಡ್ರೆ ನಿದ್ದೆ ಬರ್ತಿರ್ಲಿಲ್ಲ, ಡಾಕ್ಟ್ರನ್ನ ಕೇಳಿ ಬೆಳಿಗ್ಗೆ ತಿಂಡಿ ಆದ್ಮೇಲೆ ಬದಲಾಯಿಸ್ಕೊಂಡೆ.

ಹೊರಗೆ ಹೋಗೋದನ್ನ ಮಾತ್ರ ನಿಲ್ಲಿಸ್ಬೇಡಿ. ನಾನು ನಿಲ್ಲಿಸಿದ್ದೆ, ವಾರದೊಳಗೆ ಗೇಟ್ ದಾಟೋದೇ ದೊಡ್ಡ ವಿಷಯ ಆಗೋಯ್ತು. ಆಮೇಲೆ ದಿನಾ ಸಂಜೆ ರಸ್ತೆ ಕೊನೆ ತನಕ ನಡೆದು ವಾಪಸ್, ಎದೆ ಡವಡವ ಅಂತಿದ್ರೂ ಹೋಗೋದು, ಇಳಿದ್ಮೇಲೆ ಹೋಗೋಣ ಅಂತ ಕಾಯೋದಿಲ್ಲ.

ಯಾವಾಗ ಗೊತ್ತಾಯ್ತು ಅಂದ್ರೆ, ಇಪ್ಪತ್ಮೂರನೇ ದಿನ. ತಮ್ಮ ನನ್ನ ಚಾರ್ಜರ್ ತಗೊಂಡು ಹೋಗಿ ಎಲ್ಲೋ ಬಿಟ್ಟು ಬಂದಿದ್ದ, ಅವನ ಜೊತೆ ಜೋರಾಗಿ ಜಗಳ ಆಡ್ತಿದ್ದೆ. ನಡುವೆ ಅಡುಗೆಮನೆ ಬಾಗ್ಲಲ್ಲಿ ನಿಂತಿದ್ದ ಅಕ್ಕ ನಗ್ತಿದ್ಳು, ಯಾಕೆ ಅಂತ ನನಗೆ ಅರ್ಥ ಆಗ್ಲಿಲ್ಲ. ಮೂರು ವಾರದಿಂದ ನನಗೆ ಭಯ ಬಿಟ್ಟು ಬೇರೆ ಯಾವ ಭಾವನೆಗೂ ಜಾಗನೇ ಇರ್ಲಿಲ್ಲ, ಅವತ್ತು ಒಂದು ಚಾರ್ಜರ್‌ಗೋಸ್ಕರ ಬರೀ ಸಿಟ್ಟು ಬಂದಿತ್ತು. ಸಂಜೆ ಅವಳೇ ಹೇಳಿದ್ಳು, ನಾಲ್ಕು ದಿನದಿಂದ ನಂಬರ್ ಇಳೀತಿದೆ ಅಂತ. ಅದಾದ ಮೇಲೂ ನೇರ ಇಳೀಲಿಲ್ಲ, ಇಪ್ಪತ್ತಾರನೇ ದಿನ ಮತ್ತೆ ಒಂಬತ್ತು, ಎಲ್ಲ ಮುಗೀತು ಅಂದ್ಕೊಂಡೆ, ಇಪ್ಪತ್ತೆಂಟಕ್ಕೆ ಐದು. ಹೀಗೆ ಏರ್ತಾ ಇಳಿತಾನೇ ಹತ್ತನೇ ವಾರದ ಹೊತ್ತಿಗೆ ಎರಡು ಮೂರರಲ್ಲಿ ನಿಲ್ತು. ಅಷ್ಟರಲ್ಲಿ ಥೆರಪಿನೂ ಶುರುವಾಗಿತ್ತು, ಯಾವುದು ಎಷ್ಟು ಕೆಲಸ ಮಾಡ್ತು ಅಂತ ಬಿಡಿಸಿ ಹೇಳೋಕೆ ನನಗಾಗಲ್ಲ. ನಿಮಗೆ ಇದೇ ಮಾತ್ರೆ ಹಿಡಿಸದೇನೂ ಇರ್ಬಹುದು, ಸರಿಯಾದ ಡೋಸಲ್ಲಿ ಆರೆಂಟು ವಾರ ಆದ್ರೂ ಏನೂ ಬದಲಾಗ್ಲಿಲ್ಲ ಅಂದ್ರೆ ಡೋಸ್ ಏರಿಸ್ತಾರೆ ಇಲ್ಲಾ ಸರ್ಟ್ರಾಲಿನ್ ಥರ ಬೇರೆದಕ್ಕೆ ಹೋಗ್ತಾರೆ, ಅದೂ ಮಾಮೂಲೇ.

ನಾಳೆ ಬೆಳಿಗ್ಗೆ ಕ್ಲಿನಿಕ್‌ಗೆ ಫೋನ್ ಮಾಡಿ, ಮೊದಲಿಗಿಂತ ಜಾಸ್ತಿ ಆಗಿದೆ ಅನ್ನೋದನ್ನ ಮುಚ್ಚಿಡದೆ ಹೇಳಿ, ನಡುವಿನ ದಿನಗಳಿಗೆ ಏನಾದ್ರೂ ಕೊಡಕ್ಕಾಗುತ್ತಾ ಕೇಳಿ, ಥೆರಪಿಸ್ಟ್ ಹತ್ರ ಯಾರಾದ್ರೂ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದ್ರೆ ನಿಮ್ಮನ್ನ ಕರೀರಿ ಅಂತಾನೂ ಹೇಳಿಡಿ, ನನಗೆ ಹಾಗೇ ಹತ್ತು ದಿನ ಮುಂಚೆ ಸಿಕ್ತು. ಇವತ್ತು ರಾತ್ರಿಗೆ ಫೋನನ್ನ ಬೇರೆ ರೂಮಲ್ಲಿಟ್ಟು ಬನ್ನಿ. ನಾಲ್ಕು ಗಂಟೆಗೆ ಎಚ್ಚರ ಆದ್ರೆ ನಾಡಿ ಹಿಡಿಯೋ ಬದಲು ಆ ಕೈಯಲ್ಲಿ ಇನ್ನೊಂದು ಅಂಗೈ ಹಿಡ್ಕೊಳ್ಳಿ, ಹೆಬ್ಬೆರಳು ಮಣಿಕಟ್ಟಿಂದ ಶುರು ಮಾಡಲಿ. ನಾಳೆ ಸಂಜೆ ಏಳಕ್ಕೆ ಹೇಗಿತ್ತು ಅಂತ ಕೆಳಗೆ ಒಂದು ನಂಬರ್ ಬರೀರಿ, ನಾನು ನೋಡ್ತೀನಿ.