ಪಾರ್ಕಿನಿಂದ ಮನೆಗೆ ಏನು ತರೋಣ?

ಪ್ರಶ್ನೆ: ದೀಪಾವಳಿ ರಜೆಗೆ ಮಕ್ಕಳಿಬ್ಬರನ್ನು ಕರೆದುಕೊಂಡು ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕಿಗೆ ಹೊರಟಿದ್ದೇವೆ. ನಾಲ್ಕು ಟಿಕೆಟ್ಟಿಗೇ ಕೈ ಖಾಲಿ. ಗೊಂಬೆ ಅಂಗಡಿಯ ಮುಂದೆ ಮಕ್ಕಳು ಹಟ ಹಿಡಿಯದಂತೆ, ಕಡಿಮೆ ಖರ್ಚಿನಲ್ಲಿ ನೆನಪಿಗೆ ಏನು ತರಬಹುದು?
– ಓದುಗರು, ಡೊಂಬಿವಲಿ

ಉತ್ತರ: ಹಟ ಶುರುವಾಗುವುದು ಸಂಜೆ, ಎಲ್ಲರೂ ದಣಿದ ಮೇಲೆ. ಬೆಳಗ್ಗೆಯಿಂದಲೇ ಕೈಯಲ್ಲಿ ಒಂದಿಷ್ಟು ಸಂಗ್ರಹ ಸೇರಿದ್ದರೆ ಅರ್ಧ ಜಗಳ ತಪ್ಪುತ್ತದೆ. ಇಬ್ಬರಿಗೂ ಒಂದೊಂದು ಜಿಪ್ ಚೀಲ ಕೊಡಿ, ಒಳಗೆ ನೋಟ್‌ಬುಕ್ ಅಳತೆಯ ರಟ್ಟು ಇರಲಿ. ರಟ್ಟಿಲ್ಲದಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಕಾಗದವೂ ಮುದ್ದೆಯಾಗುತ್ತದೆ.

ಖೋಪೋಲಿ ಲೋಕಲ್ ಹಿಡಿಯುವುದಾದರೆ ಟಿಕೆಟ್ಟನ್ನು ಮೊಬೈಲಿನಲ್ಲಿ ತೆಗೆಯದೆ ಕೌಂಟರಿನಲ್ಲೇ ತೆಗೆದುಕೊಳ್ಳಿ. ಊರಿನ ಹೆಸರು, ತಾರೀಖು ಎರಡೂ ಇರುವ ಚೀಟಿ ಅದು. ಪಾರ್ಕಿನಲ್ಲಿ ಮುದ್ರಿತ ನಕ್ಷೆ ಸಿಕ್ಕರೆ ಎರಡು ಕೇಳಿ. ಒಂದರಲ್ಲಿ ಹತ್ತಿದ ಸವಾರಿಗಳಿಗೆಲ್ಲ ಮಕ್ಕಳೇ ಗುರುತು ಹಾಕಲಿ, ಇನ್ನೊಂದನ್ನು ಹೊಸ ಮಡಿಕೆ ಬೀಳದಂತೆ ಇಟ್ಟುಕೊಳ್ಳಿ.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ನೆನಪು ಪೂರ್ತಿ ಪುಕ್ಕಟೆ. ದೊಡ್ಡ ಸವಾರಿಗಳ ಬಾಗಿಲಲ್ಲಿ ಎತ್ತರ ಅಳೆಯುವ ಹಲಗೆ ಇರುತ್ತದಲ್ಲ, ಅದರ ಪಕ್ಕ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯಿರಿ. ಮೊಬೈಲು ಮಗುವಿನ ತಲೆಯ ಮಟ್ಟದಲ್ಲೇ ಇರಬೇಕು. ನೀವು ನಿಂತು ಮೇಲಿನಿಂದ ಕ್ಲಿಕ್ಕಿಸಿದರೆ ಗುರುತು ತಪ್ಪಾಗಿ ಕಾಣುತ್ತದೆ, ಮುಂದಿನ ಸಲದ ಫೋಟೊಗೆ ಹೋಲಿಸಲು ಬರುವುದಿಲ್ಲ. ಪಾದದಿಂದ ತಲೆಯವರೆಗೆ ಪೂರ್ತಿ ಬರಲಿ. ಚಪ್ಪಲಿ ಹಾಕಿಯೋ ಬಿಚ್ಚಿಯೋ, ಪ್ರತಿಸಲವೂ ಒಂದೇ ರೀತಿ.

ಇನ್ನು 50 ಪೈಸೆಯ ಪೋಸ್ಟ್ ಕಾರ್ಡು. ಡೊಂಬಿವಲಿಯಲ್ಲೇ ಕೊಂಡು, ನಿಮ್ಮದೇ ಮನೆಯ ವಿಳಾಸ ಬರೆದಿಟ್ಟುಕೊಳ್ಳಿ. ಮಕ್ಕಳು ಅಂದೇ ಎರಡು ಸಾಲು ಬರೆಯಲಿ. ಬಾಲ್‌ಪೆನ್ನೇ ಆಗಬೇಕು, ಜೆಲ್ ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ. ಖೋಪೋಲಿ ಅಂಚೆ ಕಚೇರಿ ತೆರೆದಿದ್ದರೆ ಡಬ್ಬಿಗೆ ಹಾಕದೆ ಕೌಂಟರಿನಲ್ಲಿ ಕೊಟ್ಟು, ಮೊಹರು ಸ್ಪಷ್ಟವಾಗಿ ಬೀಳಲಿ ಎಂದು ವಿನಂತಿಸಿ. ಭಾನುವಾರ ಹೋಗುವವರಿಗೆ ಈ ಉಪಾಯ ಇಲ್ಲ.

ದುಡ್ಡು ಕೊಟ್ಟು ಒಂದೇ ಒಂದು ವಸ್ತು ಕೊಳ್ಳಬೇಕೆಂದರೆ ಸವಾರಿಯ ಫೋಟೊ ಕೊಳ್ಳಿ. ಆದರೆ ನಾಲ್ವರೂ ಒಟ್ಟಿಗೆ ಹತ್ತಬಹುದಾದ ಸವಾರಿಯದ್ದು. ರೋಲರ್ ಕೋಸ್ಟರಿನ ಫೋಟೊದಲ್ಲಿ ಚಿಕ್ಕವರು ಇರುವುದೇ ಇಲ್ಲ, ಎತ್ತರ ಸಾಲದೆ ಕೆಳಗೇ ಉಳಿದಿರುತ್ತಾರೆ. ಕೈ ಎತ್ತಿದರೆ ಹಿಂದಿನ ಸಾಲಿನವರ ಮುಖ ಮುಚ್ಚಿಹೋಗುತ್ತದೆ ಎಂದು ಹತ್ತುವ ಮೊದಲೇ ಹೇಳಿಡಿ.

ಪ್ರಶ್ನೆ: ಕಳೆದ ವರ್ಷದ ಪಾರ್ಕ್ ಟಿಕೆಟ್ಟುಗಳಲ್ಲಿ ಒಂದನ್ನು ಲ್ಯಾಮಿನೇಟ್ ಮಾಡಿಸಿದೆ. ಇಡೀ ಟಿಕೆಟ್ಟೇ ಕಪ್ಪಾಯಿತು. ಉಳಿದೆರಡು ಆಲ್ಬಮ್ಮಿನಲ್ಲೇ ಮಾಸಿಹೋಗಿವೆ. ಏನು ತಪ್ಪು?
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪನವಿರುತ್ತದೆ. ಲ್ಯಾಮಿನೇಶನ್ ಯಂತ್ರದ ಬಿಸಿ ಇಡೀ ಹಾಳೆಗೆ ತಾಗಿತು, ಅಷ್ಟೆ. ಉಳಿದವು ಮಾಸಲು ಬೆಳಕು ಕಾರಣವಿರಬಹುದು, ಪಿವಿಸಿ ಆಲ್ಬಮ್ ಆಗಿದ್ದರೆ ಅದರ ಪ್ಲಾಸ್ಟಿಕ್ಕೂ ಕಾರಣವೇ. ಉಗುರಿನಿಂದ ಜೋರಾಗಿ ಗೀರಿ ನೋಡಿ: ಕಪ್ಪು ಗೆರೆ ಮೂಡಿದರೆ ಥರ್ಮಲ್. ಅಂಥದ್ದನ್ನು ಮನೆಗೆ ಬಂದ ದಿನವೇ ಸ್ಕ್ಯಾನ್ ಮಾಡಿ ಅಥವಾ ಜೆರಾಕ್ಸ್ ತೆಗೆಸಿ. ಜೆರಾಕ್ಸ್ ಪ್ರತಿ ಆಲ್ಬಮ್ಮಿಗೆ, ಮೂಲ ಪ್ರತಿ ಕಾಗದದ ಲಕೋಟೆಗೆ.

ಫೋಟೊಗಳಿಂದ ಫ್ರಿಜ್ ಮ್ಯಾಗ್ನೆಟ್ ಮಾಡುವುದಾದರೆ, ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿಗಳಲ್ಲಿ ಅಂಟು ಬಳಿದ ಮ್ಯಾಗ್ನೆಟ್ ಶೀಟ್ ವಿಚಾರಿಸಿ. ತೀರ ತೆಳು ಶೀಟು ದಪ್ಪ ಫೋಟೊ ಕಾಗದದ ಭಾರಕ್ಕೆ ಜಾರುತ್ತದೆ, ಸುಮಾರು 1 ಮಿ.ಮೀ. ದಪ್ಪದ್ದಿರಲಿ. ಮೊದಲು ಫೋಟೊ ಅಂಟಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಕತ್ತರಿಸಿ. ಗಾಜಿನ ಬಾಗಿಲ ಫ್ರಿಜ್ಜಿಗೆ ಇದು ಹಿಡಿಯದು.

ಪ್ರಶ್ನೆ: ವಾಟರ್ ಪಾರ್ಕ್ ಮುಗಿಸಿ ಬೀಚಿನಲ್ಲಿ ಮಕ್ಕಳು ಚಿಪ್ಪು ಆಯ್ದರು. ಈಗ ಮನೆಯೆಲ್ಲ ವಾಸನೆ.
– ಓದುಗರು, ವಾಸ್ಕೊ, ಗೋವಾ

ಉತ್ತರ: ಒಳಗೆ ಮಾಂಸ ಉಳಿದಿದೆ. ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸಿ, ಆರಿದ ಮೇಲೆ ಚಿಮಟದಿಂದ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ಇನ್ನು ಮೇಲೆ ಚಿಪ್ಪನ್ನು ಆಯ್ದ ಜಾಗದಲ್ಲೇ ಐದು ನಿಮಿಷ ಮರಳ ಮೇಲಿಟ್ಟು ನೋಡಿ. ಸನ್ಯಾಸಿ ಏಡಿ ಇದ್ದರೆ ಹೊರಗೆ ಇಣುಕುತ್ತದೆ, ಅದನ್ನು ಅಲ್ಲೇ ಬಿಡಿ. ಹವಳದ ತುಂಡನ್ನಂತೂ ಮುಟ್ಟಬೇಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹವಳವೂ ಇದೆ.