ಕ್ವಾಂಟೈಸರ್ ಹಾಕಿದ್ಮೇಲೂ ನನ್ನ ಪ್ಯಾಚ್ ಯಾಕೆ ಮೆಲೊಡಿ ಥರ ಕೇಳಿಸ್ತಿಲ್ಲ?

ನಿಮ್ಮ ಮಾಡ್ಯುಲರ್ ಸಿಂಥ್ (ಬೇರೆ ಬೇರೆ ಮಾಡ್ಯೂಲ್‌ಗಳನ್ನ ಕೇಬಲ್‌ನಿಂದ ಜೋಡಿಸಿ ನುಡಿಸೋ ವಾದ್ಯ, ಆ ಜೋಡಣೆಗೇ ಪ್ಯಾಚ್ ಅನ್ನೋದು) ಸೆಟಪ್ ನಂಗೆ ಅರ್ಥ ಆಗಿದ್ದು ಹೀಗೆ. ಎಲ್‌ಎಫ್‌ಒನ (ನಿಧಾನಕ್ಕೆ ಏರಿಳಿಯೋ ವೋಲ್ಟೇಜ್ ಕೊಡೋ ಮಾಡ್ಯೂಲ್) ನೇರವಾಗಿ ಕ್ವಾಂಟೈಸರ್‌ಗೆ ಕೊಟ್ಟಿದ್ದೀರಿ, ಅದರ ಔಟ್‌ಪುಟ್ ವಿಸಿಒಗೆ (ಬಂದ ವೋಲ್ಟೇಜ್‌ಗೆ ತಕ್ಕ ಪಿಚ್‌ನಲ್ಲಿ ಸದ್ದು ಮಾಡೋ ಮಾಡ್ಯೂಲ್) ಹೋಗ್ತಿದೆ, ಸ್ಕೇಲ್ ಮೈನರ್‌ಗೆ ಇಟ್ಟಿದ್ದೀರಿ, ಆದ್ರೂ ಸ್ವರಗಳು ದಡದಡ ಅಂತ ಮೇಲಿಂದ ಕೆಳಗೆ ಓಡಾಡ್ತವೆ, ಮಧ್ಯೆ ಮಧ್ಯೆ ಅಪಸ್ವರ ಬೇರೆ, ಮಾಡ್ಯೂಲೇ ಕೆಟ್ಟಿದ್ಯಾ ಅಂತ ಕೇಳಿದ್ದೀರಿ. ಕೆಟ್ಟಿರೋ ಸಾಧ್ಯತೆ ತುಂಬಾ ಕಮ್ಮಿ. ಕ್ವಾಂಟೈಸರ್ ತಾನಾಗೇ ಮೆಲೊಡಿ ಹುಟ್ಟಿಸಲ್ಲ, ಬಂದಿರೋ ವೋಲ್ಟೇಜನ್ನ ಸ್ಕೇಲ್‌ನಲ್ಲಿರೋ ಹತ್ತಿರದ ಸ್ವರಕ್ಕೆ ಕೂರಿಸತ್ತೆ, ಇಳಿಜಾರನ್ನ ಮೆಟ್ಟಿಲು ಮಾಡಿದ ಹಾಗೆ. ಒಳಗೆ ಏನು ಹೋಗ್ತಿದೆ, ಯಾವ ಹೊತ್ತಿಗೆ ಹೋಗ್ತಿದೆ ಅನ್ನೋದೇ ಮುಖ್ಯ, ಸ್ಕೇಲ್ ಬದಲಾಯಿಸ್ತಾ ಕೂತ್ರೆ ಏನೂ ಸಿಗಲ್ಲ.

ಮೊದಲು ವೋಲ್ಟೇಜ್ ಲೆಕ್ಕ ನೋಡಿ. ಯೂರೋರ್ಯಾಕ್‌ನಲ್ಲಿ (ಇಂಥ ಮಾಡ್ಯೂಲ್‌ಗಳ ಒಂದು ಮಾದರಿ) ಪಿಚ್‌ಗೆ ಒಂದು ವೋಲ್ಟ್ ಅಂದ್ರೆ ಒಂದು ಆಕ್ಟೇವ್, ಅಂದ್ರೆ ಒಂದು ಸ್ಥಾಯಿ, ಅದನ್ನ 12 ಸೆಮಿಟೋನ್‌ಗೆ ಹಂಚಿದ್ರೆ ಒಂದಕ್ಕೆ ಸುಮಾರು 83.3 ಮಿಲಿವೋಲ್ಟ್ ಬರತ್ತೆ. ಈಗ ನಿಮ್ಮ ಎಲ್‌ಎಫ್‌ಒ ಮೈನಸ್ 5ರಿಂದ ಪ್ಲಸ್ 5 ವೋಲ್ಟ್ ತನಕ ಓಡಾಡೋದಾಗಿದ್ರೆ (ತುಂಬಾ ಎಲ್‌ಎಫ್‌ಒಗಳು ಹಾಗೇ ಇರ್ತವೆ) ಅದು ಹತ್ತು ಸ್ಥಾಯಿ ಆಯ್ತು, 88 ಕೀ ಇರೋ ಪಿಯಾನೋದಲ್ಲೇ ಇರೋದು ಏಳು ಚಿಲ್ಲರೆ ಸ್ಥಾಯಿ, ಮನುಷ್ಯನ ಕಿವಿ ಕೇಳೋ ಪೂರ್ತಿ ವ್ಯಾಪ್ತಿನೇ ಹೆಚ್ಚುಕಮ್ಮಿ ಹತ್ತು. ಅಷ್ಟನ್ನೂ ಒಂದೇ ಸುತ್ತಲ್ಲಿ ಹತ್ತಿ ಇಳಿಸಿದ್ರೆ ಯಾವ ಸ್ಕೇಲ್ ಹಾಕಿದ್ರೂ ಮೆಲೊಡಿ ಅನ್ನಿಸೋಕೆ ಸಾಧ್ಯನೇ ಇಲ್ಲ. ಅದಕ್ಕೇ ಎಲ್‌ಎಫ್‌ಒಗೂ ಕ್ವಾಂಟೈಸರ್‌ಗೂ ನಡುವೆ ಒಂದು ಅಟೆನ್ಯುಯೇಟರ್ (ವೋಲ್ಟೇಜ್ ತಗ್ಗಿಸೋ ನಾಬ್) ಹಾಕಿ, ಅದು ಪೂರ್ತಿ ಮುಚ್ಚಿರೋವಾಗಿಂದ ಶುರು ಮಾಡಿ ನಿಧಾನಕ್ಕೆ ತೆರೀತಾ ಬನ್ನಿ. ಒಂದೇ ಸ್ವರ ಕೇಳ್ತಿರತ್ತೆ, ಆಮೇಲೆ ಎರಡಾಗತ್ತೆ, ಮೂರಾಗತ್ತೆ, ಒಂದೂವರೆ ವೋಲ್ಟ್ ಒಳಗೆ ಎಲ್ಲೋ ಒಂದು ಕಡೆ ಹಾಡೋಕೆ ಬರೋ ಥರದ ಸಾಲು ಸಿಕ್ಕೇ ಸಿಗತ್ತೆ. ಇಡೀ ಪ್ಯಾಚ್‌ನಲ್ಲಿ ನಂಗೆ ತುಂಬಾ ಇಷ್ಟದ ನಾಬ್ ಅಂದ್ರೆ ಇದೇ. ಅಟೆನ್ಯುಯೇಟರ್ ಆದ್ಮೇಲೆ ಆಫ್‌ಸೆಟ್ (ಇಡೀ ವೋಲ್ಟೇಜನ್ನ ಮೇಲಕ್ಕೋ ಕೆಳಕ್ಕೋ ಸರಿಸೋ ನಾಬ್) ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಕೆಲವು ಕ್ವಾಂಟೈಸರ್‌ಗಳು ನೆಗೆಟಿವ್ ವೋಲ್ಟೇಜ್ ತಗೊಳಲ್ಲ, ಸೊನ್ನೆಗಿಂತ ಕೆಳಗೆ ಹೋದಾಗೆಲ್ಲ ಒಂದೇ ಸ್ವರಕ್ಕೆ ಅಂಟ್ಕೊಂಡು ನಿಲ್ತವೆ.

ಇನ್ನು ಟೈಮಿಂಗ್. ಟ್ರಿಗರ್ ಇನ್‌ಪುಟ್‌ಗೆ (ಈಗ ಓದು ಅಂತ ಹೇಳೋ ಪಲ್ಸ್ ತಗೊಳೋ ಜ್ಯಾಕ್) ಏನೂ ಹಾಕಿಲ್ಲ ಅಂದ್ರೆ ಕ್ವಾಂಟೈಸರ್ ಸತತವಾಗಿ ಕೆಲಸ ಮಾಡತ್ತೆ, ವೋಲ್ಟೇಜ್ ಯಾವಾಗ ಗಡಿ ದಾಟತ್ತೋ ಆವಾಗ ಸ್ವರ ಬದಲಾಗತ್ತೆ. ಸೈನ್ ವೇವ್ ಕೊಟ್ಟು ಗಮನ ಇಟ್ಟು ಕೇಳಿ, ನಡುವಲ್ಲಿ ವೇವ್ ಕಡಿದಾಗಿ ಏರೋದ್ರಿಂದ ಸ್ವರಗಳು ಒಂದರ ಹಿಂದೆ ಒಂದು ನುಗ್ತವೆ, ಮೇಲೆ ಮತ್ತು ಕೆಳಗೆ ತುದೀಲಿ ವೇವ್ ಚಪ್ಪಟೆ ಆಗೋದ್ರಿಂದ ಅಲ್ಲಿನ ಸ್ವರ ತುಂಬಾ ಹೊತ್ತು ನಿಲ್ಲತ್ತೆ. ನೀವು ದಡದಡ ಅಂತ ಹೇಳ್ತಿರೋದು ಇದನ್ನೇ ಇರಬೇಕು. ಟ್ರಯಾಂಗಲ್ ಹಾಕಿದ್ರೆ ಏರಿಳಿತದ ವೇಗ ಒಂದೇ ಸಮ ಇರತ್ತೆ. ತಾಳಕ್ಕೆ ಸರಿಯಾಗಿ ಬೇಕು ಅಂದ್ರೆ ಕ್ಲಾಕನ್ನ (ಒಂದೇ ಸಮ ಬರೋ ತಾಳದ ಪಲ್ಸ್) ಕ್ವಾಂಟೈಸರ್‌ನ ಟ್ರಿಗರ್ ಇನ್‌ಪುಟ್‌ಗೆ ಕೊಡಿ, ಆಗ ಪ್ರತಿ ಕ್ಲಾಕ್‌ಗೆ ಒಂದ್ಸಲ ಮಾತ್ರ ವೋಲ್ಟೇಜ್ ಓದಿ ಮುಂದಿನ ಕ್ಲಾಕ್ ತನಕ ಅದೇ ಸ್ವರ ಹಿಡ್ಕೊಂಡಿರತ್ತೆ, ಬೇರೆ ಸ್ಯಾಂಪಲ್ ಅಂಡ್ ಹೋಲ್ಡ್ ಬೇಕಾಗಲ್ಲ. ತಾಳ ಬೇಡ, ತಾನಾಗೇ ಹರೀಲಿ ಅನ್ನೋದಾದ್ರೆ ಕ್ಲಾಕ್ ಬಿಟ್ಟು, ಸ್ವರ ಬದಲಾದಾಗೆಲ್ಲ ಟ್ರಿಗರ್ ಔಟ್‌ಪುಟ್‌ನಿಂದ ಬರೋ ಪಲ್ಸ್‌ನ ಎನ್ವಲಪ್‌ಗೆ (ಪಲ್ಸ್ ಬಂದಾಗೆಲ್ಲ ಒಂದ್ಸಲ ಏರಿ ಇಳಿಯೋ ವೋಲ್ಟೇಜ್ ಕೊಡೋ ಮಾಡ್ಯೂಲ್) ಕೊಟ್ಟು ಆ ಎನ್ವಲಪ್‌ನಿಂದ ವಿಸಿಎ (ವೋಲ್ಟೇಜ್‌ನಿಂದ ಸದ್ದಿನ ಮಟ್ಟ ಏರಿಳಿಸೋ ಮಾಡ್ಯೂಲ್) ತೆರೀರಿ, ಮೆಲೊಡಿನೇ ತನ್ನ ರಿದಮ್ ಮಾಡ್ಕೊಳ್ಳತ್ತೆ, ಎರಡೂ ಒಂದೇ ಎಲ್‌ಎಫ್‌ಒದಿಂದ ಹುಟ್ಟಿರೋದ್ರಿಂದ ಅದಕ್ಕೊಂದು ಸಹಜವಾದ ಉಸಿರಾಟ ಇರತ್ತೆ. ಡೋಪ್ಫರ್ ಎ-156 ಥರದ ಹಳೇ ಮಾಡ್ಯೂಲ್‌ನಲ್ಲೂ ಈ ಎರಡು ಜ್ಯಾಕ್ ಇವೆ, ನಿಮ್ಮದ್ರಲ್ಲೂ ಇರಬಹುದು, ನೋಡಿ.

ಸೀಕ್ವೆನ್ಸರ್‌ನ (ಸ್ವರಗಳನ್ನ ಒಂದೊಂದು ಸ್ಟೆಪ್ ಆಗಿ ಕಳಿಸೋ ಮಾಡ್ಯೂಲ್) ಗೇಟನ್ನೇ (ಸ್ವರ ಶುರುವಾಯ್ತು ಅಂತ ಹೇಳೋ ಸಿಗ್ನಲ್) ಟ್ರಿಗರ್‌ಗೆ ಕೊಟ್ಟಾಗ ಸ್ವರ ಒಂದು ಸ್ಟೆಪ್ ಹಿಂದಿಂದೇ ಬರ್ತಿದೆ ಅನ್ನಿಸಿದ್ರೆ ಗಾಬರಿ ಆಗ್ಬೇಡಿ. ಗೇಟ್ ಮೊದಲು ಬಂದು ಸಿವಿ (ಯಾವ ಪಿಚ್ ಅಂತ ಹೇಳೋ ವೋಲ್ಟೇಜ್) ಒಂದೆರಡು ಮಿಲಿಸೆಕೆಂಡ್ ತಡವಾಗಿ ಬಂದ್ರೂ ಸಾಕು, ಕ್ವಾಂಟೈಸರ್ ಹಳೇ ವೋಲ್ಟೇಜನ್ನೇ ಓದಿಬಿಡತ್ತೆ. ಅಂಥ ಕಡೆ ಟ್ರಿಗರನ್ನ ಸ್ವಲ್ಪ ತಡ ಮಾಡ್ಬೇಕು, ಆರ್ನಮೆಂಟ್ ಅಂಡ್ ಕ್ರೈಮ್ ಅನ್ನೋ ಓಪನ್ ಸೋರ್ಸ್ ಮಾಡ್ಯೂಲ್‌ನ ಕ್ವಾಂಟೈಸರ್‌ನಲ್ಲಿ ಇದಕ್ಕೇ ಅಂತ ಸೆಟ್ಟಿಂಗ್ ಇದೆ, ಇಲ್ಲದಿದ್ರೆ ಯಾವುದಾದ್ರೂ ಟ್ರಿಗರ್ ಡಿಲೇ ಮಾಡ್ಯೂಲ್ ಆಗತ್ತೆ. ಎರಡು ಸ್ವರದ ನಡುವೆ ಸಿಕ್ಕಾಕ್ಕೊಂಡು ಟರ್ ಅಂತ ಅದುರೋದು ಬೇರೆ ಸಮಸ್ಯೆ. ವೋಲ್ಟೇಜ್ ಸರಿಯಾಗಿ ಗಡಿ ಮೇಲೇ ನಿಂತು ಚೂರು ನಾಯ್ಸ್ ಸೇರಿದಾಗ ಹಾಗಾಗತ್ತೆ, ಆಫ್‌ಸೆಟ್ ಒಂದು ಕೂದಲೆಳೆಯಷ್ಟು ತಿರುಗಿಸಿದ್ರೆ ಹೋಗತ್ತೆ.

ಈಗ ಅಪಸ್ವರದ ವಿಷ್ಯ. ಕ್ವಾಂಟೈಸರ್ ವಿಸಿಒನ ಟ್ಯೂನ್ ಮಾಡಲ್ಲ, ಅದು ಸರಿಯಾದ ವೋಲ್ಟೇಜ್ ಕಳಿಸತ್ತೆ ಅಷ್ಟೇ. ಮೊದಲು ಕೇಬಲ್ ವಿಸಿಒದ ಪಿಚ್ ಇನ್‌ಪುಟ್‌ಗೇ ಹೋಗಿದ್ಯಾ ನೋಡಿ, ಪಕ್ಕದಲ್ಲಿರೋ ನಾಬ್ ಇರೋ ಎಫ್‌ಎಂ ಇನ್‌ಪುಟ್‌ಗೆ ಹೋಗಿದ್ರೆ ಸ್ಥಾಯಿ ಸ್ಥಾಯಿಯಾಗಿ ಕೂರೋದೇ ಇಲ್ಲ, ಎಲ್ಲ ಹಿಗ್ಗಿಯೋ ಕುಗ್ಗಿಯೋ ಕೇಳತ್ತೆ. ಅದು ಸರಿ ಇದ್ರೆ ಸರಿಯಾಗಿ ಒಂದು, ಎರಡು, ಮೂರು ವೋಲ್ಟ್ ಕೊಟ್ಟು ಟ್ಯೂನರ್ ಹಿಡಿದು ವಿಸಿಒದ ಟ್ರ್ಯಾಕಿಂಗ್ (ವೋಲ್ಟ್‌ಗೆ ಸರಿಯಾಗಿ ಒಂದು ಸ್ಥಾಯಿ ಏರತ್ತಾ ಅನ್ನೋದು) ಪರೀಕ್ಷೆ ಮಾಡಿ. ಅನಲಾಗ್ ವಿಸಿಒ ಆಗಿದ್ರೆ ಆನ್ ಮಾಡಿ ಸ್ವಲ್ಪ ಹೊತ್ತು ಬಿಸಿ ಆಗೋಕೆ ಬಿಡಿ. ಒಂದೇ ಔಟ್‌ಪುಟನ್ನ ಪ್ಯಾಸಿವ್ ಮಲ್ಟಿಪಲ್‌ನಿಂದ (ಒಂದು ಸಿಗ್ನಲ್ಲನ್ನ ಬರೀ ತಂತಿಯಿಂದ ಹಂಚೋ ಮಾಡ್ಯೂಲ್) ಎರಡು ವಿಸಿಒಗೆ ಹಂಚಿದ್ದೀರಾ ಅಂತಲೂ ನೋಡ್ಕೊಳಿ. ಔಟ್‌ಪುಟ್‌ನಲ್ಲಿ 1 ಕಿಲೋಓಮ್ ರೆಸಿಸ್ಟೆನ್ಸ್, ವಿಸಿಒ ಇನ್‌ಪುಟ್‌ನಲ್ಲಿ 100 ಕಿಲೋಓಮ್ ಅಂತ ಇಟ್ಕೊಂಡ್ರೆ ಒಂದು ವಿಸಿಒಗೇ ಸುಮಾರು ಶೇಕಡಾ 1ರಷ್ಟು ವೋಲ್ಟೇಜ್ ಕಮ್ಮಿ ಆಗತ್ತೆ, ಎರಡನೇದು ಸೇರಿದ್ರೆ ಇನ್ನೂ ಒಂದು. ಕೇಳೋಕೆ ಸಣ್ಣದು, ಆದ್ರೆ ಒಂದು ವೋಲ್ಟ್‌ಗೆ ಹತ್ತು ಮಿಲಿವೋಲ್ಟ್ ಅಂದ್ರೆ 12 ಸೆಂಟ್ (ಒಂದು ಸೆಮಿಟೋನ್‌ಗೆ 100 ಸೆಂಟ್), ಮೂರು ಸ್ಥಾಯಿ ಮೇಲೆ ಹೋದ್ರೆ 36 ಸೆಂಟ್, ಅಂದ್ರೆ ಒಂದು ಸೆಮಿಟೋನ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಯಾರ ಕಿವಿಗಾದ್ರೂ ಗೊತ್ತಾಗತ್ತೆ. ಪಿಚ್ ಹಂಚೋಕೆ ಬಫರ್ (ಹಂಚಿದ್ರೂ ವೋಲ್ಟೇಜ್ ಕುಗ್ಗದ ಹಾಗೆ ನೋಡ್ಕೊಳೋ ಸರ್ಕ್ಯೂಟ್) ಇರೋ ಮಲ್ಟಿಪಲ್ಲೇ ಬಳಸಿ.

ಸ್ಕೇಲ್ ಆಯ್ಕೆ ಬಗ್ಗೆ ಜಾಸ್ತಿ ಹೇಳಲ್ಲ, ಪೆಂಟಾಟೋನಿಕ್‌ನಿಂದ ಶುರು ಮಾಡಿ, ಮೇಜರ್ ಪೆಂಟಾಟೋನಿಕ್ ಅಂದ್ರೆ ಮೋಹನ ರಾಗದ ಐದು ಸ್ವರಗಳೇ, ಯಾವ ಎರಡು ಸ್ವರ ಪಕ್ಕಪಕ್ಕ ಬಂದ್ರೂ ಕಿವಿಗೆ ಚುಚ್ಚಲ್ಲ. ಒಂದು ವಿಷ್ಯ ಮಾತ್ರ ಗೊತ್ತಿದ್ರೆ ಉಪಯೋಗ. ಹತ್ತಿರದ ಸ್ವರಕ್ಕೆ ಕೂರಿಸೋ ಕ್ವಾಂಟೈಸರ್‌ಗೆ ರ್‍ಯಾಂಡಮ್ ವೋಲ್ಟೇಜ್ ಕೊಟ್ಟಾಗ ಎಲ್ಲ ಸ್ವರ ಸಮನಾಗಿ ಬರಲ್ಲ, ಅಕ್ಕಪಕ್ಕ ಖಾಲಿ ಜಾಗ ಜಾಸ್ತಿ ಇರೋ ಸ್ವರಕ್ಕೆ ಜಾಸ್ತಿ ಅವಕಾಶ. ಮೇಜರ್ ಕಾರ್ಡ್‌ನ ಮೂರೇ ಸ್ವರ ಇಟ್ರೆ 12 ಸೆಮಿಟೋನ್‌ನಲ್ಲಿ ಆಧಾರ ಸ್ವರಕ್ಕೆ ನಾಲ್ಕೂವರೆ, ಪಂಚಮಕ್ಕೆ ನಾಲ್ಕು, ಗಾಂಧಾರಕ್ಕೆ ಮೂರೂವರೆ ಸಿಗತ್ತೆ, ಅದ್ರಿಂದ ಸಾಲು ತಾನಾಗೇ ಆಧಾರ ಸ್ವರದ ಕಡೆ ವಾಲತ್ತೆ, ಅದು ಚೆನ್ನಾಗೇ ಕೇಳತ್ತೆ.

ಗ್ಲೈಡ್, ವೈಬ್ರಾಟೋ ಏನೇ ಬೇಕಿದ್ರೂ ಕ್ವಾಂಟೈಸರ್ ಆದ್ಮೇಲೆ ಸೇರಿಸಿ, ಮೊದಲೇ ಹಾಕಿದ್ರೆ ಅದು ಅಷ್ಟನ್ನೂ ಮೆಟ್ಟಿಲು ಮಾಡಿಬಿಡತ್ತೆ. ಗಮಕದ ಥರ ಸ್ವರದಿಂದ ಸ್ವರಕ್ಕೆ ಜಾರಬೇಕು ಅಂದ್ರೆ ಔಟ್‌ಪುಟ್‌ಗೂ ವಿಸಿಒಗೂ ನಡುವೆ ಸ್ಲ್ಯೂ ಲಿಮಿಟರ್ ಹಾಕಿ. ಟ್ರಾನ್ಸ್‌ಪೋಸ್ ಮಾಡೋಕೆ, ಅಂದ್ರೆ ಇಡೀ ಸಾಲನ್ನ ಮೇಲಕ್ಕೋ ಕೆಳಕ್ಕೋ ಸರಿಸೋಕೆ, ವೋಲ್ಟೇಜ್ ಕೂಡಿಸೋದಕ್ಕೂ ಇದೇ ಥರ ಮೊದಲು, ಆಮೇಲೆ ಅನ್ನೋ ವ್ಯತ್ಯಾಸ ಇದೆ. ಕ್ವಾಂಟೈಸರ್‌ಗಿಂತ ಮೊದಲು ಕೂಡಿಸಿದ್ರೆ ಸಾಲು ಮೇಲೆ ಹೋಗತ್ತೆ ಆದ್ರೆ ಅದೇ ಸ್ಕೇಲ್ ಒಳಗೇ ಇರತ್ತೆ, ಆದ್ಮೇಲೆ ಕೂಡಿಸಿದ್ರೆ ಸಾಲಿನ ಆಕಾರ ಹಾಗೇ ಉಳಿದು ಇಡೀ ಶ್ರುತಿನೇ ಬದಲಾಗತ್ತೆ. ಬೇರೆ ವಾದ್ಯ ಜೊತೇಲಿ ನುಡೀತಿದ್ರೆ ಮೊದಲನೇದೇ ಸೇಫ್.

ಇಷ್ಟು ಸರಿ ಹೋದ್ಮೇಲೆ ಒಂದು ಪ್ಯಾಚ್ ಖಂಡಿತಾ ಮಾಡಿ ನೋಡಿ. ಎಂಟು ಸ್ಟೆಪ್ ಸೀಕ್ವೆನ್ಸರ್‌ನ ಸಿವಿ ಜೊತೆಗೆ ತುಂಬಾ ನಿಧಾನದ ಎಲ್‌ಎಫ್‌ಒನ ಚೂರೇ ಚೂರು, ಅಂದ್ರೆ ಒಂದು ಸೆಮಿಟೋನ್ ಆಸುಪಾಸಿನಷ್ಟು, ಮಿಕ್ಸರ್‌ನಲ್ಲಿ ಕೂಡಿಸಿ ಕ್ವಾಂಟೈಸರ್‌ಗೆ ಕೊಡಿ (ಆಡಿಯೋಗೆ ಮಾತ್ರ ಅಂತ ಇರೋ ಮಿಕ್ಸರ್ ಬೇಡ, ಸಿವಿ ದಾಟಿಸೋದು ಬೇಕು), ಸೀಕ್ವೆನ್ಸರ್‌ನ ಗೇಟ್ ಟ್ರಿಗರ್ ಇನ್‌ಪುಟ್‌ಗೆ. ಗಡಿಯಿಂದ ದೂರ ಇರೋ ಸ್ವರಗಳು ಅಲುಗಾಡಲ್ಲ, ಗಡಿ ಹತ್ರ ಇರೋ ಒಂದೆರಡು ಸ್ವರ ಮಾತ್ರ ಒಂದು ಸುತ್ತಲ್ಲಿ ಹೀಗೆ, ಇನ್ನೊಂದು ಸುತ್ತಲ್ಲಿ ಹಾಗೆ ಬದಲಾಗ್ತವೆ, ಸಾಲಿನ ಗುರುತು ಹೋಗಲ್ಲ ಆದ್ರೆ ಬೇಸರನೂ ಬರಲ್ಲ. ಯಾವ ಸ್ವರ ಗಡಿ ಹತ್ರ ಇರಬೇಕು ಅನ್ನೋದನ್ನ ಆ ಸ್ಟೆಪ್‌ನ ನಾಬ್ ತಿರುಗಿಸಿ ನೀವೇ ತೀರ್ಮಾನ ಮಾಡಬಹುದು, ಅದಕ್ಕೆ ನಾನು ಸಿವಿಯನ್ನ ಮೊದಲೇ ಕ್ವಾಂಟೈಸ್ ಮಾಡಿ ಕಳಿಸೋ ಸೀಕ್ವೆನ್ಸರ್‌ಗಿಂತ ಬರೀ ನಾಬ್ ಇರೋದನ್ನೇ ಇಷ್ಟಪಡ್ತೀನಿ. ಮಿಕ್ಸರೋ ಅಟೆನ್ಯುಯೇಟರೋ ಸದ್ಯ ನಿಮ್ಮ ಹತ್ರ ಇಲ್ಲ ಅಂದ್ರೆ ವಿಸಿವಿ ರ್‍ಯಾಕ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಒಂದು ಕ್ವಾಂಟೈಸರ್ ಬರತ್ತೆ, ಅದೇ ಒಂದು ವೋಲ್ಟ್ ಒಂದು ಸ್ಥಾಯಿ ಲೆಕ್ಕ, ಅಲ್ಲೇ ಕಟ್ಟಿ ಕೇಳಿ ಆಮೇಲೆ ರ್‍ಯಾಕ್‌ನಲ್ಲಿ ಮಾಡಿ.