ತುಳು ಬಿಡಬೇಡಿ, ಕಿವಿ ತೋರಿಸಿ

ಪ್ರಶ್ನೆ: ನನ್ನ ತವರು ಬೆಳ್ತಂಗಡಿ, ಮನೆಮಾತು ತುಳು. ಮದುವೆಯಾಗಿ ಬಂದಿದ್ದು ಮೂಡಿಗೆರೆಗೆ. ಇಲ್ಲಿ ಎಲ್ಲರೂ ಮಾತಾಡುವುದು ಕನ್ನಡ. ಮಗನಿಗೆ 2 ವರ್ಷ 2 ತಿಂಗಳು. ಕನ್ನಡದಲ್ಲಿ 20 ಪದ ಆಡಿದರೆ ಹೆಚ್ಚು. ಹಾಲು ಕೇಳುವಾಗ ‘ಪೇರ್ ಬೇಕು’ ಎಂದು ತುಳು, ಕನ್ನಡ ಎರಡನ್ನೂ ಕಲಸುತ್ತಾನೆ. ಮಳೆಗಾಲದಲ್ಲಂತೂ ನೆಗಡಿ ಬಿಡುವುದೇ ಇಲ್ಲ. ‘ನಿನ್ನ ತುಳುವಿನಿಂದಲೇ ಮಗುವಿಗೆ ಗೊಂದಲ, ನಿಲ್ಲಿಸು’ ಎನ್ನುತ್ತಾರೆ ಅತ್ತೆ. ಯಜಮಾನರು ಏನೂ ಹೇಳುವುದಿಲ್ಲ. ಈಗ ಮಗನ ಹತ್ತಿರ ಬಾಯಿ ತೆರೆಯುವುದಕ್ಕೇ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು ಆ ಭಯದ ಮಾತು. ತುಳು ನಿಲ್ಲಿಸಬೇಡಿ. ಎರಡು ಭಾಷೆ ಕೇಳಿಸಿಕೊಂಡ ಮಾತ್ರಕ್ಕೆ ಮಗುವಿನ ಮಾತು ತಡವಾಗುವುದಿಲ್ಲ. ಮಾತು ನಿಜವಾಗಿ ತಡವಾದ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ. ಆದರೆ ಅಮ್ಮ ಒಂದೊಂದು ಪದಕ್ಕೂ ಯೋಚಿಸುತ್ತಾ ಮಾತು ಕಡಿಮೆ ಮಾಡಿದರೆ, ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ. ನಷ್ಟ ಇರುವುದು ಅಲ್ಲಿ. ಸ್ನಾನ ಮಾಡಿಸುವಾಗ, ಅನ್ನ ಕಲಸುವಾಗ ನಿಮಗೆ ಸಲೀಸಾಗಿ ಬರುವ ತುಳುವಿನಲ್ಲೇ ಬಾಯ್ತುಂಬ ಮಾತಾಡಿ. ಕನ್ನಡ ಅವನಿಗೆ ಅಜ್ಜಿಯಿಂದ, ಅಪ್ಪನಿಂದ, ಅಂಗನವಾಡಿಯಿಂದ ಹೇಗೂ ಸಿಗುತ್ತದೆ.

‘ಪೇರ್ ಬೇಕು’ ಗೊಂದಲವಲ್ಲ. ಎರಡು ಪದ ಕೂಡಿಸಿ ತನಗೆ ಬೇಕಾದ್ದನ್ನು ಕೇಳುತ್ತಿದ್ದಾನೆ, ಈ ವಯಸ್ಸಿಗೆ ಬರಬೇಕಾದದ್ದೇ ಅದು. ಯಾವ ಪದ ಯಾವ ಭಾಷೆಯದು ಎಂದು ಬೇರ್ಪಡಿಸುವುದು ನಿಧಾನವಾಗಿ ಬರುತ್ತದೆ. ‘ಹಾಲು ಅನ್ನು’ ಎಂದು ತಿದ್ದುವುದು ಬೇಡ. ‘ಪೇರ್ ಬೋಡಾ?’ ಎಂದು ಕೇಳಿ, ಹಾಲು ಕೊಡಿ, ಅಷ್ಟೇ.

ಅತ್ತೆ ಬರೀ ಕನ್ನಡದ ಪದ ಎಣಿಸಿದ್ದಾರೆ ಅಲ್ವಾ? ಒಂದು ವಾರ ನೀವೇ ಬರೆದಿಡಿ. ತುಳು, ಕನ್ನಡ ಎರಡೂ ಸೇರಬೇಕು. ಸ್ಪಷ್ಟವಾಗಿಲ್ಲದಿದ್ದರೂ, ಒಂದೇ ಅರ್ಥಕ್ಕೆ ಪ್ರತಿಸಲ ಬಳಸುವ ಸದ್ದೂ ಪದವೇ. ಎರಡು ವರ್ಷಕ್ಕೆ ಎರಡೂ ಭಾಷೆ ಸೇರಿ ಸುಮಾರು 50 ಪದ ಇರಬೇಕು. ಅದಕ್ಕಿಂತ ತುಂಬ ಕಡಿಮೆ ಇದ್ದರೆ ‘ಗಂಡುಮಕ್ಕಳು ತಡ, ತಾನಾಗೇ ಬರುತ್ತೆ’ ಎಂದು ಕಾಯಬೇಡಿ. ಕಲಿತ ಪದ ಬಿಟ್ಟುಹೋಗುತ್ತಿದ್ದರೆ ಒಂದು ದಿನವೂ ತಡ ಬೇಡ.

ಪಟ್ಟಿ ಏನೇ ಹೇಳಲಿ, ಕಿವಿ ಪರೀಕ್ಷೆ ಮಾತ್ರ ಮಾಡಿಸಲೇಬೇಕು. ನೀವು ಬರೆದ ನೆಗಡಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ನಿಲ್ಲುವುದುಂಟು. ಹೆಚ್ಚಾಗಿ ನೋವು ಇರುವುದಿಲ್ಲ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ, ಆದರೆ ಮಾತು ಮಸುಕಾಗಿ ಕೇಳುತ್ತದೆ. ಮೊದಲು ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ಕಿವಿಯ ಜೊತೆಗೆ ಮಾತಿನ ಪರೀಕ್ಷೆಯೂ ಬೇಕಾದರೆ ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಅವರು ಮಾಡುತ್ತಿರುವುದು ಇದೇ ಕೆಲಸ.

ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. ಮೊಮ್ಮಗನ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದಾರೆ. ರಾತ್ರಿ ಕನ್ನಡದಲ್ಲಿ ಕಥೆ ಹೇಳುವ ಕೆಲಸ ಅವರಿಗೇ ಬಿಡಿ. ಆಸ್ಪತ್ರೆಗೆ ಹೋಗುವಾಗ ಎರಡೂ ಭಾಷೆಯ ಪಟ್ಟಿ ಕೈಯಲ್ಲಿರಲಿ, ಯಜಮಾನರೂ ಜೊತೆಗಿರಲಿ. ವೈದ್ಯರು ಹೇಳಿದ್ದನ್ನು ಮನೆಗೆ ಬಂದು ಅಮ್ಮನಿಗೆ ತಿಳಿಸಬೇಕಾದವರು ಅವರು, ನೀವಲ್ಲ.